ಚಾವಣಿ ಏರುವ ಸೀಟು



ಜಪಾನಿನ ರೈಲು ಎಂದೊಡನೆ ಕಣ್ಣೆದುರು ಬರುವುದು ಬುಲೆಟ್ ರೈಲು. ಆದರೆ ದಿನ ಬೆಳಗಾದರೆ ಕೆಲಸಕ್ಕೆ ಹೋಗುವವರನ್ನು ಹೊರುವ ರೈಲಿಗೆ ಓಡುವುದಕ್ಕಿಂತ ನಿಲ್ಲುವುದೇ ಕಷ್ಟ. ಇಳಿಯುವವರು ಇಳಿದು, ಹತ್ತುವವರು ಹತ್ತಿ, ಬಾಗಿಲು ಮುಚ್ಚುವುದು ಕೆಲವೇ ಸೆಕೆಂಡು ತಡವಾದರೂ ಹಿಂದಿನ ರೈಲು ಕಾಯಬೇಕು. ಅದರ ಹಿಂದಿನದೂ ಕಾಯಬೇಕು. ಈ ತೊಡಕಿಗೆ ಒಂದು ಖಾಸಗಿ ಕಂಪನಿ ಹೂಡಿದ ಉಪಾಯವೇ 1970ರ '5000 ಶ್ರೇಣಿ'ಯ ವಿದ್ಯುತ್ ರೈಲು.

ಕಂಪನಿಯ ಹೆಸರು ಕೇಹಾನ್. ಕ್ಯೋಟೊ, ಒಸಾಕಾ ಎಂಬ ಹೆಸರುಗಳಿಂದ ಒಂದೊಂದು ಲಿಪಿಚಿಹ್ನೆ ತೆಗೆದು, ಅವನ್ನು ಚೀನೀ ಮೂಲದ ಉಚ್ಚಾರದಲ್ಲಿ ಓದಿದರೆ 'ಕೇ' ಮತ್ತು 'ಹಾನ್'. 1910ರಿಂದ ಈ ಎರಡು ನಗರಗಳ ನಡುವೆ ಅದರ ರೈಲು ಓಡುತ್ತಿದೆ. ಎರಡನೆಯ ಮಹಾಯುದ್ಧದ ನಂತರ ಹಳಿಯ ಇಕ್ಕೆಲದ ಹೊಲಗದ್ದೆಗಳು ಬಡಾವಣೆಗಳಾದವು. 1958ರಲ್ಲಿ ಹಿರಾಕಾತಾದಲ್ಲಿ ಕೋರಿ ಎಂಬ ಬೃಹತ್ ವಸತಿ ಸಮುಚ್ಚಯವೇ ಎದ್ದಿತು. ಅಲ್ಲಿನ ಜನರೆಲ್ಲ ಬೆಳಿಗ್ಗೆ ಒಂದೇ ಹೊತ್ತಿಗೆ ಒಸಾಕಾ ಕಡೆಗೆ ಹೊರಡುವವರೇ.

ಇನ್ನಷ್ಟು ಬೋಗಿ ಜೋಡಿಸಬಾರದೇ ಎಂದು ಯಾರಾದರೂ ಕೇಳಬಹುದು. ಅಲ್ಲಿಯೇ ಇತ್ತು ಕಗ್ಗಂಟು. ಕೇಹಾನ್ ತಂತಿಯಲ್ಲಿ ಹರಿಯುತ್ತಿದ್ದುದು 600 ವೋಲ್ಟ್ ಮಾತ್ರ. ವೋಲ್ಟೇಜ್ ತಗ್ಗಿದಷ್ಟೂ ಅದೇ ಭಾರ ಎಳೆಯಲು ಹೆಚ್ಚು ಕರೆಂಟು ಬೇಕು. ಆ ವ್ಯವಸ್ಥೆಯಲ್ಲಿ ಏಳು ಬೋಗಿಗೆ ಮಿತಿ ಮುಗಿಯುತ್ತಿತ್ತು. 1,500 ವೋಲ್ಟ್‌ಗೆ ಬದಲಾದದ್ದು 1983ರ ಡಿಸೆಂಬರಿನಲ್ಲಿ. ಜನ ಅಲ್ಲಿಯವರೆಗೆ ಕಾಯುವಂತಿರಲಿಲ್ಲ.

ರೈಲನ್ನು ಉದ್ದ ಮಾಡಲಾಗದಿದ್ದರೆ ಬಾಗಿಲನ್ನಾದರೂ ಹೆಚ್ಚಿಸಬೇಕು. ಹದಿನೆಂಟು ಮೀಟರಿಗೆ ತುಸು ಹೆಚ್ಚು ಉದ್ದದ ಬೋಗಿಗೆ ಒಂದು ಮಗ್ಗುಲಲ್ಲಿ ಐದು ಬಾಗಿಲು ಇಟ್ಟರು. ಆದರೆ ಬಾಗಿಲಿದ್ದಲ್ಲಿ ಸೀಟಿಲ್ಲ. ಬೆಳಗಿನ ನೂಕುನುಗ್ಗಲಿಗೆಂದು ಕಿತ್ತ ಸೀಟು ಮಧ್ಯಾಹ್ನದ ಅಜ್ಜಿಗೆ, ಮಗುವನ್ನೆತ್ತಿಕೊಂಡ ತಾಯಿಗೆ ಎಲ್ಲಿಂದ ಬರಬೇಕು? ಸೀಟು ಕಿತ್ತು ಕೈ ತೊಳೆದುಕೊಂಡಿದ್ದರೂ ಆ ದಿನಗಳಲ್ಲಿ ಕಂಪನಿಯನ್ನು ದೂರುವವರು ಹೆಚ್ಚು ಇರುತ್ತಿರಲಿಲ್ಲವೇನೋ. ಎಂಜಿನಿಯರುಗಳು ಹಾಗೆ ಮಾಡಲಿಲ್ಲ. ಎರಡನೆಯ ಮತ್ತು ನಾಲ್ಕನೆಯ ಬಾಗಿಲಿನ ಸೀಟುಗಳನ್ನು ಚಾವಣಿಗೆ ಏರಿಸಿದರು!

ದಟ್ಟಣೆಯ ವೇಳೆ ಸೀಟು ಮೇಲೆ, ಐದೂ ಬಾಗಿಲು ಬಳಕೆಯಲ್ಲಿ. ದಟ್ಟಣೆ ಕಳೆದ ಮೇಲೆ ಆ ಎರಡು ಬಾಗಿಲು ಬಂದ್; ಪ್ರಯಾಣಿಕರಿಲ್ಲದ ಹೊತ್ತು ನೋಡಿ ಮೋಟಾರಿನ ಬಲದಿಂದ ಸೀಟು ಕೆಳಗಿಳಿದು ಮುಚ್ಚಿದ ಬಾಗಿಲಿಗೇ ಬೆನ್ನು ಕೊಟ್ಟು ಕೂರುತ್ತಿತ್ತು. ಯಾವ ಬಾಗಿಲು ಎಂದು ಜನ ಗೊಂದಲಗೊಳ್ಳದಿರಲೆಂದು ಅವುಗಳ ಮೇಲೆ 'ರಷ್ ಬಾಗಿಲು' ಎಂಬ ಬರಹ. ಇಷ್ಟೆಲ್ಲ ಬಾಗಿಲು, ಯಂತ್ರ ಹೊತ್ತ ಬೋಗಿ ಉಕ್ಕಿನದಾದರೆ ವಿಪರೀತ ತೂಕ; ಆದ್ದರಿಂದ ದೇಹ ಅಲ್ಯುಮಿನಿಯಂನದಾಯಿತು. ಕೇಹಾನ್‌ಗೆ ಅದು ಮೊದಲ ಅಲ್ಯುಮಿನಿಯಂ ರೈಲು. 1980ರ ಹೊತ್ತಿಗೆ ಏಳು ಬೋಗಿಗಳ ಏಳು ರೈಲುಗಳು ಸಿದ್ಧವಾದವು.

ಇದು ಹಳೆಯ ಸಂಕಟಕ್ಕೆ ಪೂರ್ಣ ಪರಿಹಾರವೇನೂ ಆಗಿರಲಿಲ್ಲ. ಬೆಳಗಿನವರು ನಿಂತೇ ಹೋದರು, ಮೈಗೆ ಮೈ ಒತ್ತಿಕೊಂಡೇ ಹೋದರು. ಅವರಿಗೆ ದೊರೆತದ್ದು ಬೇಗ ಇಳಿಯುವ ಅನುಕೂಲ ಮಾತ್ರ. ಇಪ್ಪತ್ತು ವರ್ಷಗಳ ನಂತರ ಟೋಕಿಯೋದ ಯಾಮಾನೋತೆ ಮಾರ್ಗದಲ್ಲಿ ಆರು ಬಾಗಿಲಿನ ಬೋಗಿಗಳು ಬಂದಾಗ ಅಲ್ಲಿ ಸೀಟನ್ನು ಗೋಡೆಗೆ ಮಡಚಿಟ್ಟರು. ಅದು ಸರಳ ದಾರಿ. ಆದರೆ ದಟ್ಟಣೆಯಿಲ್ಲದ ವೇಳೆಯಲ್ಲಿ ಬಾಗಿಲಿನ ಜಾಗದಲ್ಲೇ ಸೀಟು ಕೊಡುವ ಕೇಹಾನ್ ಜಾಣ್ಮೆ ಅದರಲ್ಲಿಲ್ಲ.

ಕಾಲಕ್ರಮದಲ್ಲಿ ರೈಲುಗಳು ಉದ್ದವಾದವು, ಪ್ರಯಾಣಿಕರ ಸಂಖ್ಯೆಯೂ ಇಳಿಯಿತು. ಕೊನೆಗೆ ಈ ರೈಲಿಗೆ ಮುಳುವಾದದ್ದು ಇನ್ನೊಂದು ಬಗೆಯ ಬಾಗಿಲು. ಜನ ಹಳಿಗೆ ಬೀಳದಂತೆ ಪ್ಲಾಟ್‌ಫಾರಂ ಅಂಚಿನಲ್ಲಿ ತಡೆಬಾಗಿಲು ಹಾಕಬೇಕಾದರೆ ಎಲ್ಲ ಬೋಗಿಗಳ ಬಾಗಿಲೂ ಒಂದೇ ನೇರಕ್ಕೆ ಬರಬೇಕು. ಕ್ಯೋಬಾಶಿ ನಿಲ್ದಾಣಕ್ಕೆ ಅವನ್ನು ಹಾಕುವುದೆಂದಾದಾಗ ಐದು ಬಾಗಿಲು ಹೊಂದಲಿಲ್ಲ. 2021ರ ಜನವರಿಯಲ್ಲಿ ಐದು ಬಾಗಿಲಿನ ಬಳಕೆ ನಿಂತಿತು. ಸೀಟು ಕೆಳಗಿಳಿದೇ, ಮೂರು ಬಾಗಿಲಿನ ಸಾಮಾನ್ಯ ರೈಲಿನಂತೆ ಇನ್ನು ಕೆಲವು ತಿಂಗಳು ಓಡಿ ಸೆಪ್ಟೆಂಬರಿನಲ್ಲಿ ಸೇವೆ ಮುಗಿಸಿತು.

ಒಂದು ಬೋಗಿಯ ಭಾಗವನ್ನು 2023ರಲ್ಲಿ ಹಿರಾಕಾತಾದ ಕುಜುಹಾ ಮಾಲ್‌ನಲ್ಲಿ ಪ್ರದರ್ಶನಕ್ಕಿಟ್ಟರು. ಸೀಟು ಚಾವಣಿಯಿಂದ ಇಳಿಯುವುದನ್ನು ಅಲ್ಲಿ ಈಗ ಮಕ್ಕಳು ತಲೆಯೆತ್ತಿ ನೋಡುತ್ತಾರೆ.