ಒರೆಸುವ ಕೈ ಮೆತ್ತಗಿರಲಿ



ಮೊನ್ನೆ ಮಹಾನವಮಿಯ ಖಂಡೇಪೂಜೆಗೆ ಮಠದ ಅಂಗಳಕ್ಕೆ ಅನೇಕ ವಾಹನಗಳು ಬಂದಿದ್ದವು. ಭಕ್ತರೊಬ್ಬರ ಹೊಸ ಕರಿಯ ಕಾರಿನ ಬಾನೆಟ್ಟಿನ ಮೇಲೆ ನಾವೇ ಮೂರು ಬೆರಳಿನಿಂದ ವಿಭೂತಿ ಹಚ್ಚಿದೆವು. ಮರುದಿನ ಅವರು ಸಿಟ್ಟಿನಿಂದ ತಿರುಗಿ ಬಂದರು. ಕಾರು ನಡೆಸುವ ಹುಡುಗ ಧೂಳು ವಿಭೂತಿ ಎರಡನ್ನೂ ಒಣಬಟ್ಟೆಯಿಂದ ತಿಕ್ಕಿ ಒರೆಸಿದ್ದನು. ಬಿಸಿಲಿನಲ್ಲಿ ನೋಡಿದರೆ ಬಣ್ಣದ ತುಂಬ ಸಣ್ಣ ಗೀರುಗಳು. “ಅಜ್ಜಾರ, ಇವನ ಪಗಾರದಾಗ ಮುರಕೊಳ್ತೀನ್ರಿ. ನಾಳಿಂದ ಬರೂದು ಬ್ಯಾಡ ಅಂದೀನಿ” ಎಂದರು. ಹುಡುಗ ಕಂಬದ ಮರೆಯಲ್ಲಿ ತಲೆತಗ್ಗಿಸಿ ನಿಂತಿದ್ದನು.

ಗೀರು ಏಕೆ ಬಿದ್ದಿತು? ನಮ್ಮ ಗುಳೇದಗುಡ್ಡದ ಸುತ್ತಲಿನ ಗುಡ್ಡಗಳು ಮರಳುಗಲ್ಲಿನವು. ಇಲ್ಲಿಯ ಧೂಳಿನಲ್ಲಿ ಮರಳಿನ ಕಣವಿದೆ; ಅದು ಕಾರಿನ ಬಣ್ಣಕ್ಕಿಂತ ಗಟ್ಟಿ. ಬಣ್ಣವನ್ನು ಕಾಯುವ ಪಾರದರ್ಶಕ ಲೇಪವಾದರೋ ಸುಮಾರು 40ರಿಂದ 50 ಮೈಕ್ರಾನ್, ಎಂದರೆ ಕೂದಲೆಳೆಗಿಂತ ತೆಳು. ಒಣಬಟ್ಟೆಯಿಂದ ತಿಕ್ಕಿದರೆ ಆ ಕಣವೇ ಅದರ ಮೇಲೆ ಉಳಿಯಾಗುವುದು. ರೇಷ್ಮೆಯ ಖಣವನ್ನು ಬಂಡೆಗೆ ಬಡಿದು ಒಗೆಯುವವರು ಈ ಊರಿನಲ್ಲಿ ಉಂಟೆ?

ಆದುದರಿಂದ ಮೊದಲು ನೀರು ಹಾಕಿ ಧೂಳನ್ನು ನೆನೆಯಿಸಿ ಇಳಿಸಬೇಕು. ಬಳಿಕ ನೆರಳಿನಲ್ಲಿ, ಮೇಲಿನಿಂದ ಕೆಳಕ್ಕೆ, ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಎರಡು ಬಕೆಟ್ಟು ಸಾಕು: ಒಂದರಲ್ಲಿ ಸಾಬೂನಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಗಾಲಿಗಳಿಗೆ ಬೇರೆ ಬಟ್ಟೆ, ಅದೂ ಕಡೆಗೆ. ಅರಿವೆ ಒಗೆಯುವ ಪುಡಿ ಬೇಡ. ಅದು ಮೇಣವನ್ನು ಕಿತ್ತುಬಿಡುವುದು. ಗಡಸು ನೀರು ಬಿಸಿಲಿಗೆ ಆರಿದರೆ ಬಿಳಿಯ ಕಲೆ ನಿಲ್ಲುವುದರಿಂದ ಕೂಡಲೇ ಒರೆಸಬೇಕು. ಹಕ್ಕಿಯ ಹಿಕ್ಕೆ ಬಿದ್ದರೆ ಹಸಿಬಟ್ಟೆ ಇಟ್ಟು ನೆನೆಯಿಸಿ ತೆಗೆಯಬೇಕು. ಎರಡು ಮೂರು ತಿಂಗಳಿಗೊಮ್ಮೆ ಮೇಣ ಹಚ್ಚಿದರೆ ಅದೇ ಕವಚ.

ಇದು ನಿಮಗೆ ಹೊಸ ವಿದ್ಯೆಯಲ್ಲ. ನಿಮ್ಮ ಇಷ್ಟಲಿಂಗಕ್ಕೂ ಕಂತಿಯ ಕವಚವಿದೆ. ಮಜ್ಜನ ಮಾಡಿಸುವಾಗ ಗಸಗಸ ತಿಕ್ಕುವಿರಾ? ನೀರೆರೆದು ಮೆಲ್ಲಗೆ ಒರೆಸುವಿರಿ. ಕಾರು ಲಿಂಗಕ್ಕೆ ಸಮವೆಂದು ನಾವು ಹೇಳುತ್ತಿಲ್ಲ. ಆದರೆ ಲಿಂಗ ಹಿಡಿಯುವ ಕೈ, ಕಾರು ಒರೆಸುವ ಕೈ, ಹುಡುಗನತ್ತ ಬೆರಳು ತೋರುವ ಕೈ ಒಂದೇ ಅಲ್ಲವೆ? ಮುಂಜಾನೆ ಪೂಜೆಯಲ್ಲಿ ಕಲಿತ ಮೆತ್ತನೆಯನ್ನು ಅದು ಮಧ್ಯಾಹ್ನಕ್ಕೆ ಮರೆಯಬಾರದು.

ಆ ಭಕ್ತರಿಗೆ ಹೇಳಿದೆವು: “ವಿಭೂತಿ ಹಚ್ಚಿದವರು ನಾವು. ತೆಗೆಯುವ ರೀತಿಯನ್ನು ಇವನಿಗೆ ನಾವೂ ಹೇಳಲಿಲ್ಲ, ನೀವೂ ಹೇಳಲಿಲ್ಲ. ಪಗಾರ ಮುರಿಯುವುದಾದರೆ ಮೊದಲ ದಂಡ ನಮ್ಮದು.” ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಬಕೆಟ್ಟು ತಂದು, “ಬಾರೋ ತಮ್ಮಾ, ಇಬ್ಬರೂ ತೊಳಿಯೂಣು” ಎಂದರು. ಹುಡುಗ ಇಂದಿಗೂ ಅವರಲ್ಲಿಯೇ ಇದ್ದಾನೆ. ಗೀರೂ ಸ್ವಲ್ಪ ಉಳಿದಿದೆ; ಇರಲಿ.

ಇನ್ನು ಮುಂದೆ ನಾವು ವಿಭೂತಿಯನ್ನು ಕಾರಿನ ಗಾಜಿಗೆ ಹಚ್ಚುವೆವು. ಅಂಗಳದಲ್ಲಿ ಒಂದು ಬಕೆಟ್ಟು ನೀರು, ಒಂದು ಮೆತ್ತನೆಯ ಬಟ್ಟೆಯನ್ನೂ ಇಡಿಸುವೆವು.

ಎಲ್ಲರಿಗೂ ಒಳಿತಾಗಲಿ.