ಚೌಡಿಕಿಯ ತಂತಿ



ರಾಮದುರ್ಗದಲ್ಲಿ ನಮ್ಮ ಮನೆ ಸವದತ್ತಿಯ ದಾರಿಗೇ ಇತ್ತು. ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು ರಾತ್ರಿಯೆಲ್ಲ ಸಾಗುತ್ತಿದ್ದವು. ಎತ್ತಿನ ಕೊರಳಗಂಟೆ, ‘ಉಧೋ ಉಧೋ’, ನಡುನಡುವೆ ಚೌಡಿಕಿ ವಾದ್ಯದ ದನಿ. ಉಳಿದದ್ದೆಲ್ಲ ನನಗೆ ಸೇರುತ್ತಿತ್ತು, ಚೌಡಿಕಿ ಮಾತ್ರ ಸೇರುತ್ತಿರಲಿಲ್ಲ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯೇ ನಮ್ಮ ಮನೆಯ ಸಂಗೀತ ಗುರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇವರನ್ನು ಕೇಳಿ ಬೆಳೆದ ಕಿವಿಗೆ ಚೌಡಿಕಿ ಶ್ರುತಿ ತಪ್ಪಿದಂತೆ ಅನ್ನಿಸುತ್ತಿತ್ತು. ಕಿಟಕಿ ಮುಚ್ಚಿಕೊಂಡು ಮಲಗುತ್ತಿದ್ದೆ.

ಒಂದು ವರ್ಷ ಯಲ್ಲಮ್ಮನ ಪದ ಹಾಡುವ ಜೋಗತಿಯರ ಮೇಳವೊಂದು ನಮ್ಮ ಕಟ್ಟೆಯ ಮೇಲೆ ತಂಗಿತು. ಹಿರಿಯ ಜೋಗಮ್ಮ ಚೌಡಿಕಿಯನ್ನು ಬಗಲಲ್ಲಿ ಅವಚಿ ಕೂತಿದ್ದರು. ಕೊಳಗದಂಥ ಒಡಲು, ತಳಕ್ಕೆ ಬಿಗಿದ ತೊಗಲು, ಆ ತೊಗಲಿನ ನಡುವಿನಿಂದ ಹೊರಟು ದಂಡಿಗೆಯ ತುದಿಗೆ ಕಟ್ಟಿದ ಒಂದೇ ತಂತಿ. ಮೀಟಿದರೆ ತಂತಿಯೂ ತೊಗಲೂ ಒಟ್ಟಿಗೆ ನುಡಿಯುತ್ತವೆ; ಬಿಗಿ ಹೆಚ್ಚಾದಂತೆ ದನಿ ಏರುತ್ತದೆ, ಸಡಿಲಾದಂತೆ ಇಳಿಯುತ್ತದೆ. ನನ್ನ ಮುಖ ಸಣ್ಣದಾದದ್ದನ್ನು ಕಂಡು ಅವರೆಂದರು: ‘ತಮ್ಮಾ, ಸೂರ ಎಲ್ಲಿ ನಿಂತತಿ ಅಂತ ಹುಡುಕಬ್ಯಾಡ. ಅದು ನಿಲ್ಲಾಂಗಿಲ್ಲ. ಎಲ್ಲಿಂದ ಎಲ್ಲಿಗೆ ಹೊಂಟತಿ, ಅದನ್ನ ಕೇಳು.’

ಹಾಗೇ ಕೇಳಿದೆ. ಪದದ ಕೊನೆಗೆ ತಾಯಿಯನ್ನು ಕರೆಯುವಲ್ಲಿ ತಂತಿಯ ದನಿ ಮೇಲಕ್ಕೆ ಎಳೆದುಕೊಂಡು ಹೋಯಿತು. ಜೋಗಮ್ಮನ ಕೊರಳು ಅದರ ಬೆನ್ನು ಹತ್ತಿತು. ಎರಡೂ ಒಂದೆಡೆ ಕೂಡಿದಾಗ ಮೈ ಜುಮ್ಮೆಂದಿತು. ಸ್ವರದಿಂದ ಸ್ವರಕ್ಕೆ ಜಾರುವ ಮನ್ಸೂರರ ಮೀಂಡಿನಲ್ಲಿ ನಾನು ಕಾದು ಕೂರುತ್ತಿದ್ದ ಗಳಿಗೆಯೂ ಅದೇ ಆಗಿತ್ತು.

ಜಾತ್ರೆಗಳಲ್ಲಿ ದಪ್ಪು ಬಾರಿಸಿ ಹಾಡುವ ಗೀಗೀ ಪದದವರು ಬರೀ ಒದರುತ್ತಾರೆ ಎಂದೂ ಆಗೆಲ್ಲ ನಾನು ಹೇಳುತ್ತಿದ್ದೆ. ಮೈಕಿಲ್ಲದ ಜಾತ್ರೆಯಲ್ಲಿ ಕಟ್ಟಕಡೆಗೆ ಕೂತವನಿಗೂ ಮಾತು ಮುಟ್ಟಬೇಕು, ಅದಕ್ಕೇ ಆ ಕೊರಳು. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ರಾತ್ರಿಯಿಡೀ ವಾದ ಹೂಡುತ್ತಾರೆ. ಅಲ್ಲಿ ಆಲಾಪ ಹುಡುಕಿದರೆ ಸಿಕ್ಕೀತೆ? ಸವಾಲಿಗೆ ಜವಾಬು ಹೇಗೆ ಬಂತು, ದಪ್ಪಿನ ಪೆಟ್ಟಿಗೆ ಪ್ರಾಸ ಎಲ್ಲಿ ಬಿತ್ತು ಎಂದು ಕೇಳಬೇಕು. ನಮ್ಮ ತಾಲ್ಲೂಕಿನ ಹುಲಕುಂದದ ಭೀಮಕವಿಗಳು ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಇಂಥ ಪದಗಳನ್ನೇ ಕಟ್ಟಿ ದೇಶದ ಮಾತನ್ನು ಹಳ್ಳಿಯವರ ಬಾಯಿಗೆ ಕೊಟ್ಟರು.

ಹಳ್ಳಿಯ ಹಾಡನ್ನು ಹೀಗೆ ಕಿವಿಗೊಟ್ಟು ಕೇಳಿದವರು ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು. ಅವರು 1924ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ. ಕ್ಷಯ ಹಿಡಿದು 1948ರಲ್ಲಿ ದೇವಾಸಕ್ಕೆ ಹೋದರು. ಹಾಡುವುದು ನಿಂತಿತು, ಕೇಳುವುದು ನಿಲ್ಲಲಿಲ್ಲ. ಹಾಸಿಗೆ ಹಿಡಿದವರ ಕಿವಿಗೆ ಮಾಳವದ ಹಳ್ಳಿಯವರ ಹಾಡು ಬೀಳುತ್ತಿತ್ತು. ಎದ್ದ ಮೇಲೆ ಆ ಧಾಟಿಗಳಿಂದಲೇ ಹೊಸ ರಾಗಗಳನ್ನು ಕಟ್ಟಿದರು. ಇದನ್ನು ನೆನೆದಾಗಲೆಲ್ಲ ನಾನು ಕಿಟಕಿ ಮುಚ್ಚಿದ ರಾತ್ರಿಗಳಿಗಾಗಿ ಮನಸ್ಸು ಮರುಗುತ್ತದೆ.

ಈಗ ನನಗೆ ಸೇರದ್ದು ಕಬ್ಬಿನ ಟ್ರ್ಯಾಕ್ಟರಿನ ಹಾಡು. ಕೀಬೋರ್ಡಿನ ತಾಳ, ಮೊದಲಿಂದ ಕೊನೆತನಕ ಒಂದೇ ಅಬ್ಬರ. ಬಹುಪಾಲು ಇವತ್ತಿಗೂ ರುಚಿಸಿಲ್ಲ. ಆದರೆ ಮೊನ್ನೆ ಒಂದು ಟ್ರ್ಯಾಕ್ಟರು ಪಂಕ್ಚರಾಗಿ ನಮ್ಮ ಮನೆಯ ಮುಂದೆ ನಿಂತಿತು. ಹಾಡು ನಡೆದೇ ಇತ್ತು, ತವರಿಗೆ ಹೋದ ಹೆಂಡತಿಯನ್ನು ನೆನೆಯುವ ಹಾಡು. ಎರಡನೆಯ ನುಡಿಯ ಕೊನೆಗೆ ಹಾಡುಗಾರ ಸ್ವರವನ್ನು ಜಾರಿಸಿ ಮೇಲಕ್ಕೆ ಒಯ್ದ. ಚೌಡಿಕಿಯ ತಂತಿ ಹೋಗುವ ದಾರಿ ಅದು. ನಾನು ಹೊರಗೆ ಬಂದದ್ದನ್ನು ಕಂಡು ಡ್ರೈವರ ಹುಡುಗ, ‘ಸಪ್ಪಳ ಭಾಳ ಆತೇನ್ರೀ ಅಜ್ಜಾರ?’ ಎಂದು ಬಂದ್ ಮಾಡಲು ಹೋದ.

‘ಸ್ವಲ್ಪ ಸಣ್ಣದು ಮಾಡಿ, ಮೊದಲಿಂದ ಹಚ್ಚೋ ತಮ್ಮಾ’ ಅಂದೆ.