ಅಡುಗೆಮನೆಯೂ ಒಂದು ಪಾಠಶಾಲೆ

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ದಿನ ಸಾಲ, ಠೇವು, ಬೀಜ, ಗೊಬ್ಬರದ ಮಾತು ಬಹಳ ಆದವು. ನಾನು ಒಲೀ ಮುಂದಿನ ಎರಡು ಮಾತು ಹೇಳತೇನಿ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘ ನಮಗೆಲ್ಲ ಹಿರಿಯಣ್ಣ. ರೈತ ಮತ್ತೊಬ್ಬರ ಕೈ ನೋಡುತ್ತ ಕೂಡಬಾರದು ಎಂಬುದೇ ಸಹಕಾರದ ತಿರುಳು. ಈ ಮಾತು ಊಟಕ್ಕೂ ಸಲ್ಲುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಹುಬ್ಬಳ್ಳಿ, ಧಾರವಾಡದಾಗ ರೂಮು ಹಿಡಿಯುವ ನಮ್ಮ ಹುಡುಗರಿಗೆ ಅನ್ನ, ಬ್ಯಾಳಿ ಮಾಡಲಿಕ್ಕೂ ಬರದಿದ್ದರೆ ಏನು ಗತಿ? ಊರಿಂದ ಬಸ್ಸಿನಾಗ ಕಳಿಸಿದ ಬುತ್ತಿ ತೀರಿದ ದಿನ ಪ್ಯಾಕೆಟ್ಟೇ ಗತಿ.

ಹೆಸರು, ಕಡಲಿ, ಶೇಂಗಾ, ಜೋಳ ಬೆಳೆಯುವವರು ನಾವೇ. ಅದನ್ನು ಮಾರಿದ ರೊಕ್ಕದಾಗ ಮಕ್ಕಳಿಗೆ ಕುರುಕುಲು ಪ್ಯಾಕೆಟ್ಟು ಕೊಡಸವರೂ ನಾವೇ. ಅದರಲ್ಲಿ ಉಪ್ಪು, ಎಣ್ಣೆ ಹೆಚ್ಚು. ಬೆಳೆಯುವ ಮೈಗೆ ಬೇಕಾದ್ದು ಕಡಿಮೆ. ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಉಪ್ಪು ಸಾಕು, ಅಂದರೆ ಒಂದು ಸಣ್ಣ ಚಮಚ. ಪ್ಯಾಕೆಟ್ಟು ತಿಂದ ಕೂಸು ಊಟದ ಹೊತ್ತಿಗೆ ‘ಹಸಿವಿಲ್ಲ’ ಅಂತದ.

2002ರಲ್ಲಿ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾಯಿತು. ಶಾಲೆಯಲ್ಲಿ ಬಿಸಿಯೂಟ ಸಿಗುತ್ತದೆ. ಆದರೆ ಮುಂಜಾನೆ, ರಾತ್ರಿಯ ಊಟ ಮತ್ತು ರಜೆಯ ದಿನಗಳು ನಮ್ಮ ಪಾಲಿನವು.

ಕಲಿಸೋದು ಕಷ್ಟವಲ್ಲ. ಆರೇಳು ವರ್ಷದ ಕೂಸು ಪಲ್ಲೆ ಸೋಸಲಿ, ಶೇಂಗಾ ಸುಲಿಯಲಿ, ನೆನೆದ ಹೆಸರುಕಾಳು ಬಟ್ಟೆಯಲ್ಲಿ ಕಟ್ಟಿಡಲಿ. ಮರುದಿನ ತಾನೇ ಬರಿಸಿದ ಮೊಳಕೆ ಅಂದರೆ ತಕರಾರಿಲ್ಲದೆ ತಿಂತದ. ಒಂಬತ್ತು, ಹತ್ತು ವರ್ಷಕ್ಕೆ ಹಕ್ಕರಕಿ, ಮೆಂತ್ಯೆಯ ಪಚಡಿ, ಕೋಸಂಬರಿ, ಮಜ್ಜಿಗೆ. ಹನ್ನೆರಡು ದಾಟಿದ ಮೇಲೆ ದೊಡ್ಡವರು ಹತ್ತಿರ ನಿಂತು ಒಲೆ ಮುಟ್ಟಿಸಬೇಕು: ಅನ್ನ, ಬ್ಯಾಳಿ, ಜುಣಕ. ರೊಟ್ಟಿ ಬಡಿಯೋದು ಕಡೆಗೆ. ಮೊದಲಿಗೆ ಹರಿದರೂ ನಗಬ್ಯಾಡ್ರಿ.

ಮಾಡುತ್ತ ಮಾಡುತ್ತ ‘ಯಾಕ’ ಅನ್ನೋದನ್ನೂ ಹೇಳಬೇಕು. ಜೋಳದ ಹಿಟ್ಟಿಗೆ ಗೋಧಿಯಂಥ ಜಿಗಿ ಇಲ್ಲ, ಅದಕ್ಕೇ ಕುದಿಯುವ ಎಸರು ಹಾಕಿ ನಾದತೇವಿ. ಪಲ್ಲೆಗೆ ಲಿಂಬಿಹಣ್ಣು ಹಿಂಡಿದರೆ ಅದರೊಳಗಿನ ಕಬ್ಬಿಣದಂಶ ಮೈಗೆ ಚಲೋ ಹತ್ತತದ. ಊಟದ ಜೋಡಿ ಚಹಾ ಕುಡಿದರೆ ಕಡಿಮೆ ಹತ್ತತದ. ಇದು ವಿಜ್ಞಾನದ ಪಾಠ, ಪುಸ್ತಕ ಬೇಕಾಗಿಲ್ಲ.

ಇನ್ನೊಂದು ಮಾತು. ‘ಅಡಿಗಿ ಹೆಣಮಕ್ಕಳ ಕೆಲಸ’ ಅನ್ನೋದನ್ನ ಬಿಡೋಣ. ಹಸಿವು ಇಬ್ಬರಿಗೂ ಆಗತದ. ಅವ್ವ ಜಡ್ಡು ಬಿದ್ದ ದಿನ ಮಗ ಗಂಜಿ ಕಾಸಿ ಕೊಟ್ಟರೆ ಆ ಮನೆಯ ಮರ್ಯಾದೆ ಹೆಚ್ಚತದ.

ಸಂಘಕ್ಕೆ ಎರಡು ವಿನಂತಿ. ವಾರ್ಷಿಕ ಸಭೆಯಲ್ಲಿ ಬಿಸ್ಕೀಟಿನ ಬದಲು ನಮ್ಮ ಶೇಂಗಾ, ಬೆಲ್ಲದ ಉಂಡಿ ಹಂಚಿರಿ. ಬೇಸಿಗೆ ಸೂಟಿಯಲ್ಲಿ ಒಂದು ದಿನ ಮಕ್ಕಳಿಂದಲೇ ಅಡಿಗಿ ಮಾಡಿಸಿರಿ; ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ, ಪೋಷಣೆ ಕಲಿಸುವವರಿದ್ದಾರೆ, ಅವರನ್ನು ಕರೆಯೋಣ. ತಾಯಿ ತಂದೆಯರಲ್ಲಿ ಒಂದು ವಿನಂತಿ: ಮುಂದಿನ ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಒಯ್ಯುವಾಗ ಬುಟ್ಟಿಯೊಳಗೆ ಮಕ್ಕಳು ಮಾಡಿದ್ದೊಂದು ಪದಾರ್ಥ ಇರಲಿ.

ಜೈ ಸಹಕಾರ.